ನಿದ್ದೆಗೆಡಿಸುವ ಮದ್ದು, ಅದನ್ನು ಬಿಡಿಸುವ ದಾರಿ

ಆಗಸ್ಟ್ ತಿಂಗಳ ನಡುರಾತ್ರಿಯಲ್ಲಿ ರಾವಂದೂರಿನ ಸುತ್ತಮುತ್ತಲ ಹಳ್ಳಿಗಳಿಗೆ ಹೋದರೆ ಊರು ಮಲಗಿರುತ್ತದೆ, ಬ್ಯಾರನ್ ಮಾತ್ರ ಎದ್ದಿರುತ್ತದೆ. ಹೊಲದಿಂದ ಮುರಿದು ತಂದ ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಆ ಎತ್ತರದ ಕೋಣೆಯೊಳಗೆ ಸಾಲುಸಾಲಾಗಿ ತೂಗುಬಿಟ್ಟು, ಒಲೆಗೆ ಸೌದೆ ಒಟ್ಟಿದರೆಂದರೆ ಐದಾರು ದಿನ ಆ ಬೆಂಕಿಯನ್ನು ಕಾಯಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದೊಂದು ಘಟ್ಟಕ್ಕೂ ಒಂದೊಂದು ಹದದ ಶಾಖ. ಕಾಯುವವನು ಬೆಳಗಿನ ಜಾವ ಸ್ವಲ್ಪ ಹೊತ್ತು ತೂಕಡಿಸಿದರೆ ಎಲೆಯ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಹರಾಜು ಕಟ್ಟೆಯಲ್ಲಿ ದರ್ಜೆ ಇಳಿಯುತ್ತದೆ. ದರ್ಜೆ ಇಳಿದರೆ ಸಾಲದ ಲೆಕ್ಕ ತಪ್ಪುತ್ತದೆ. ಹಾಗಾಗಿ ಒಲೆಯ ಮುಂದೆ ಕುಳಿತವನ ಪಕ್ಕದಲ್ಲಿ ಚಹಾದ ಲೋಟವಿರುತ್ತದೆ, ಕಿವಿಯ ಸಂದಿಯಲ್ಲಿ ಬೀಡಿ ಇರುತ್ತದೆ. ಹೊಗೆಸೊಪ್ಪನ್ನು ಕಾಯಲು ಹೊಗೆಸೊಪ್ಪೇ ಬೇಕು!

ಅದೇ ರಾತ್ರಿ, ಅದೇ ಮನೆಯ ಮಗನೋ ಮಗಳೋ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬಾಡಿಗೆ ಕೋಣೆಯಲ್ಲಿ ಕುಳಿತು ಪರೀಕ್ಷೆಗೆ ಓದುತ್ತಿರಬಹುದು. ಅಲ್ಲಿಯೂ ನಿದ್ದೆಯ ಜೊತೆ ಜಗಳವೇ. ಅಲ್ಲಿ ಚಹಾ ಸಾಲದಾದಾಗ ಗೆಳೆಯನೊಬ್ಬ ಒಂದು ಮಾತ್ರೆ ಕೊಡುತ್ತಾನೆ. ‘ಡಾಕ್ಟರೇ ಬರೆದುಕೊಡುವ ಮಾತ್ರೆ, ಏನೂ ಆಗುವುದಿಲ್ಲ’ ಎನ್ನುತ್ತಾನೆ. ವೈದ್ಯರ ಚೀಟಿಯ ಮೇಲೆ ಸಿಗುವ ಉತ್ತೇಜಕ ಮಾತ್ರೆಗಳ ಚಟ ಎಂದರೆ ಇದು. ಹೆಂಡ, ಗಾಂಜಾಗಳಷ್ಟು ಇದರ ಸುದ್ದಿ ನಮ್ಮಲ್ಲಿ ಇಲ್ಲ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರು ದೇಶದಲ್ಲಿ ನೂರಕ್ಕೆ 14.6 ಮಂದಿ, ಆಂಫೆಟಮೈನ್ ಬಗೆಯ ಉತ್ತೇಜಕಗಳನ್ನು ಬಳಸುವವರು 0.18 ಮಂದಿ ಮಾತ್ರ. ಆದರೆ ನಮ್ಮ ಜನಸಂಖ್ಯೆಯಲ್ಲಿ ಈ ದಶಾಂಶವೂ ಲಕ್ಷಗಳ ಲೆಕ್ಕಕ್ಕೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬ್ಯಾರನ್ ಮುಂದಿನ ಬೀಡಿಯೂ ಕೋಣೆಯೊಳಗಿನ ಮಾತ್ರೆಯೂ ಚರಿತ್ರೆಯ ದೃಷ್ಟಿಯಿಂದ ಒಂದೇ ವಂಶದವು. ಎರಡೂ ಉತ್ತೇಜಕಗಳು, ಎರಡೂ ಮನುಷ್ಯರ ನಡುವೆ ಬಂದದ್ದು ಔಷಧವೆಂಬ ಹೆಸರಿನಲ್ಲಿ.

1560ರಲ್ಲಿ ಪೋರ್ಚುಗಲ್‌ನಲ್ಲಿದ್ದ ಫ್ರಾನ್ಸಿನ ರಾಯಭಾರಿ ಜಾನ್ ನಿಕೋ ಎಂಬಾತ ತನ್ನ ರಾಜಮನೆತನಕ್ಕೆ ಹೊಗೆಸೊಪ್ಪನ್ನು ಕಳಿಸಿದ್ದು ಸೇದಿ ಸುಖಪಡಲಿ ಎಂದಲ್ಲ, ಗಾಯಕ್ಕೂ ತಲೆನೋವಿಗೂ ಮದ್ದಾಗುತ್ತದೆ ಎಂದು. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪೋಸೆಲ್ಟ್ ಮತ್ತು ರೈಮನ್ ಆ ಎಲೆಯ ಸಾರವನ್ನು ಬೇರ್ಪಡಿಸಿದಾಗ ಅದಕ್ಕೆ ನಿಕೋಟಿನ್ ಎಂಬ ಹೆಸರು ನಿಂತಿತು.

ಈ ಕಥೆಯಲ್ಲಿ ಕನ್ನಡನಾಡಿಗೂ ಒಂದು ಪಾತ್ರವಿದೆ. ಅಕ್ಬರನ ದರಬಾರಿನ ಅಸದ್ ಬೇಗ್ ಎಂಬ ಅಧಿಕಾರಿ 17ನೆಯ ಶತಮಾನದ ಆರಂಭದಲ್ಲಿ ರಾಜಕಾರ್ಯದ ಮೇಲೆ ಬಿಜಾಪುರಕ್ಕೆ ಬಂದಿದ್ದ. ಎರಡನೆಯ ಇಬ್ರಾಹಿಂ ಆದಿಲಶಾಹಿಯ ಕಾಲ ಅದು. ಆಗ್ರಾದ ಕಡೆ ಯಾರೂ ಕಂಡಿರದ ಹೊಗೆಸೊಪ್ಪು ಬಿಜಾಪುರದಲ್ಲಿ ಅವನ ಕಣ್ಣಿಗೆ ಬಿತ್ತು. ಅಲ್ಲಿಯೇ ರತ್ನ ಕೆತ್ತಿದ ಅಂದದ ಕೊಳವೆಯೊಂದನ್ನು ಮಾಡಿಸಿಕೊಂಡು, ಎಲೆಯ ಜೊತೆಗೆ ಬಾದಶಹನಿಗೆ ಕಾಣಿಕೆ ಒಯ್ದ. ಅಕ್ಬರ್ ಎರಡು ಮೂರು ದಮ್ಮು ಎಳೆದನಂತೆ. ಪಕ್ಕದಲ್ಲಿದ್ದ ಹಕೀಮರು ತಡೆದರು: ಗೊತ್ತಿಲ್ಲದ ವಸ್ತು, ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಗುಣದೋಷ ಬರೆದಿಲ್ಲ, ಪರೀಕ್ಷಿಸದೆ ತೆಗೆದುಕೊಳ್ಳುವುದು ಸರಿಯಲ್ಲ ಎಂದರು. ಅಸದ್ ಬೇಗ್ ಬಿಡಲಿಲ್ಲ. ಎಲ್ಲ ಮದ್ದುಗಳೂ ಒಂದು ಕಾಲಕ್ಕೆ ಹೊಸವೇ ಆಗಿದ್ದವಲ್ಲ ಎಂದು ವಾದಿಸಿದ. ಅಕ್ಬರನಿಗೆ ಆ ವಾದ ಹಿಡಿಸಿತು, ಅಭ್ಯಾಸ ಮಾತ್ರ ಹಿಡಿಸಲಿಲ್ಲ. ಸರದಾರರು ಹಿಡಿದುಕೊಂಡರು, ವ್ಯಾಪಾರಿಗಳು ತರಿಸತೊಡಗಿದರು. ಕೆಲವೇ ವರ್ಷಗಳಲ್ಲಿ, 1617ರಲ್ಲಿ, ಮಗ ಜಹಾಂಗೀರ್ ಹೊಗೆಸೊಪ್ಪನ್ನು ನಿಷೇಧಿಸಿ ಅಪ್ಪಣೆ ಹೊರಡಿಸಬೇಕಾಯಿತು. ಅಪ್ಪಣೆ ಏನಾಯಿತೆಂದು ನಮಗೆ ಗೊತ್ತೇ ಇದೆ. ಮುಂದಿನ ನಾಲ್ಕು ಶತಮಾನ ಪ್ರತಿ ಉತ್ತೇಜಕದ ವಿಷಯದಲ್ಲೂ ಈ ಹಕೀಮ ಮತ್ತು ಅಸದ್ ಬೇಗರ ಜಗಳವೇ ಬೇರೆ ಬೇರೆ ವೇಷದಲ್ಲಿ ನಡೆದಿದೆ ಎಂದರೆ ತಪ್ಪಾಗದು.

ಮಾತ್ರೆಯ ಕಥೆ ಶುರುವಾಗುವುದು ಒಂದು ಕುರುಚಲು ಗಿಡದಿಂದ. ಚೀನಾದವರು ಮಾ-ಹುವಾಂಗ್ ಎಂದು ಕರೆಯುವ, ಹಿಮಾಲಯದಲ್ಲಿಯೂ ಬಂಧುಗಳಿರುವ ಎಫೆಡ್ರಾ ಗಿಡದಿಂದ ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಎಫೆಡ್ರಿನ್ ಬೇರ್ಪಡಿಸಿದ. ವೇದದ ಸೋಮ ಇದೇ ಗಿಡವಿರಬೇಕೆಂದು ವಾದಿಸುವ ವಿದ್ವಾಂಸರಿದ್ದಾರೆ. ಆ ಜಗಳ ಇಲ್ಲಿ ಬೇಡ. 1887ರಲ್ಲಿ ಬರ್ಲಿನ್‌ನಲ್ಲಿದ್ದ ರುಮೇನಿಯಾದ ಲಾಜರ್ ಎಡೆಲೇನು ಆಂಫೆಟಮೈನ್ ತಯಾರಿಸಿದ. ಅದರಿಂದ ಏನು ಉಪಯೋಗ ಎಂದು ಯಾರಿಗೂ ತೋಚಲಿಲ್ಲ. ನಾಲ್ಕು ದಶಕ ಅದು ಪ್ರಯೋಗಶಾಲೆಯ ಕಪಾಟಿನಲ್ಲೇ ಕುಳಿತಿತ್ತು. 1930ರ ದಶಕದ ಆರಂಭದಲ್ಲಿ ಅಮೆರಿಕದ ಸ್ಮಿತ್, ಕ್ಲೈನ್ ಅಂಡ್ ಫ್ರೆಂಚ್ ಕಂಪನಿ ಕಟ್ಟಿದ ಮೂಗಿಗೆ ಮೂಸುವ ಕೊಳವೆಯಾಗಿ ‘ಬೆಂಜೆಡ್ರಿನ್’ ಹೆಸರಿನಲ್ಲಿ ಅದನ್ನು ಮಾರಿತು. ನೆಗಡಿಗೆಂದು ಮೂಸಿದವರಿಗೆ ನಿದ್ದೆ ಹಾರಿ ಹೋಯಿತು, ಹಸಿವು ಸತ್ತಿತು, ಉತ್ಸಾಹ ಉಕ್ಕಿತು. ಇನ್ನೇನು ಬೇಕು?

ಯುದ್ಧ ಬಂದಾಗ ನಿದ್ದೆ ಹಾರಿಸುವ ಗುಣಕ್ಕೆ ಬೆಲೆ ಬಂತು. ಜರ್ಮನಿಯಲ್ಲಿ 1938ರಿಂದ ಮಾರಾಟಕ್ಕಿದ್ದ ಪರ್ವಿಟಿನ್ ಎಂಬ ಮೆಥಾಂಫೆಟಮೈನ್ ಮಾತ್ರೆ 1940ರ ಕೆಲವೇ ತಿಂಗಳಲ್ಲಿ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಸೈನ್ಯಕ್ಕೆ ಸರಬರಾಜಾಯಿತು. ಬ್ರಿಟನ್, ಅಮೆರಿಕದ ಸೈನಿಕರ ಜೇಬಿನಲ್ಲಿ ಬೆಂಜೆಡ್ರಿನ್ ಇತ್ತು. ಜಪಾನಿನಲ್ಲಿ ಇದಕ್ಕೆ ಹಿರೋಪಾನ್ ಎಂಬ ಹೆಸರು. ಯುದ್ಧ ಮುಗಿದಾಗ ದಾಸ್ತಾನು ಮಾರುಕಟ್ಟೆಗೆ ಬಿತ್ತು. ಸೋತ ದೇಶ, ಸುಟ್ಟ ಊರು, ಹೊಟ್ಟೆಗಿಲ್ಲದ ಜನ; ಹಸಿವು ಮರೆಸುವ ಅಗ್ಗದ ಮದ್ದು ಕಾಳ್ಗಿಚ್ಚಿನಂತೆ ಹಬ್ಬಿತು. 1951ರಲ್ಲಿ ಜಪಾನ್ ಉತ್ತೇಜಕಗಳ ನಿಯಂತ್ರಣಕ್ಕೇ ಪ್ರತ್ಯೇಕ ಕಾಯಿದೆ ಮಾಡಿತು. 1954 ಒಂದೇ ವರ್ಷದಲ್ಲಿ ಅಲ್ಲಿ ಬಂಧಿತರಾದವರು 55 ಸಾವಿರಕ್ಕೂ ಹೆಚ್ಚು. ಇಷ್ಟು ದೊಡ್ಡ ಪ್ರಮಾಣದಲ್ಲಿ ಉತ್ತೇಜಕದ ಚಟವನ್ನು ಎದುರಿಸಿದ ಮೊದಲ ದೇಶ ಅದು.

ಇನ್ನೊಂದು ಕಡೆ ಮಾತ್ರೆಗೆ ನಿಜವಾದ ಉಪಯೋಗವೂ ಗೋಚರಿಸಿತ್ತು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ 1937ರಲ್ಲಿ ಒಂದು ವಿಚಿತ್ರ ವರದಿ ಪ್ರಕಟಿಸಿದ. ಒಂದು ಕಡೆ ಕೂರಲಾಗದ, ಪಾಠದಲ್ಲಿ ಮನಸ್ಸು ನಿಲ್ಲದ ಮಕ್ಕಳಿಗೆ ಬೆಂಜೆಡ್ರಿನ್ ಕೊಟ್ಟರೆ ಅವರು ಇನ್ನಷ್ಟು ಕುಣಿಯುವ ಬದಲು ಶಾಂತರಾಗಿ ಲೆಕ್ಕ ಮಾಡುತ್ತಾರೆ! 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲೆಯಾಂಡ್ರೊ ಪನಿಜಾನ್ ಮೀಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಾಲಿನ್ ಆಯಿತು. ಗಮನ ಕೊರತೆಯ ತೊಂದರೆ ನಿಜವಾಗಿಯೂ ಇರುವವರಿಗೆ, ವೈದ್ಯರು ಹೇಳಿದ ಪ್ರಮಾಣದಲ್ಲಿ, ಇದು ಇಂದಿಗೂ ಒಳ್ಳೆಯ ಔಷಧ. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಇಂಥ ಲೇಖನ ಓದಿದ ಕೂಡಲೇ ಮಗುವಿನ ಮಾತ್ರೆಯನ್ನು ಮೋರಿಗೆಸೆಯುವ ತಂದೆತಾಯಿಗಳೂ ಇರುತ್ತಾರೆ. ಅದು ತಪ್ಪು.

ಔಷಧಕ್ಕೂ ಚಟಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂಬುದಕ್ಕೆ ಗಣಿತಜ್ಞ ಪಾಲ್ ಎರ್ಡಿಶ್‌ನ ಪ್ರಸಂಗ ಹೇಳುವುದುಂಟು. 1971ರಲ್ಲಿ ತಾಯಿ ತೀರಿಕೊಂಡ ದುಃಖದಲ್ಲಿ ಅವನಿಗೆ ವೈದ್ಯರು ಉತ್ತೇಜಕ ಬರೆದುಕೊಟ್ಟರು. ಆತ ಬಿಡಲೇ ಇಲ್ಲ. 1979ರಲ್ಲಿ ಗೆಳೆಯ ರಾನ್ ಗ್ರಹಾಂ 500 ಡಾಲರ್ ಪಂದ್ಯ ಕಟ್ಟಿದ: ಒಂದು ತಿಂಗಳು ಬಿಟ್ಟು ತೋರಿಸು ನೋಡೋಣ. ಎರ್ಡಿಶ್ ಬಿಟ್ಟ, ಗೆದ್ದ, ಹಣ ಎಣಿಸಿಕೊಂಡ. ಆಮೇಲೆ, ಖಾಲಿ ಹಾಳೆಯ ಮುಂದೆ ಸುಮ್ಮನೆ ಕೂರುವಂತಾಯಿತು, ಗಣಿತ ಒಂದು ತಿಂಗಳು ಹಿಂದೆ ಬಿತ್ತು ಎಂದು ದೂರಿ, ಮತ್ತೆ ಮಾತ್ರೆ ಶುರುಮಾಡಿದ. ಈ ಕಥೆ ಕೇಳಿ ನಗುವವರೇ ಹೆಚ್ಚು. ಆದರೆ ಚಿಕಿತ್ಸೆಯ ಕಷ್ಟವೆಲ್ಲ ಇದರಲ್ಲಿದೆ. ಬಿಡುವುದು ಒಂದು ಕೆಲಸ. ಬಿಟ್ಟ ಮೇಲೆ ಎದುರಾಗುವ ಖಾಲಿ ಹಾಳೆಯನ್ನು ತುಂಬುವುದು ಮತ್ತೊಂದು.

ನಮ್ಮ ಕಡೆಯವರಿಗೆ ಇದು ಹೊಸ ಮಾತಲ್ಲ. ಅಯ್ಯಪ್ಪನ ಮಾಲೆ ಹಾಕಿ 41 ದಿನ ಬೀಡಿ, ಹೆಂಡ ಮುಟ್ಟದವರು ಪ್ರತಿ ಊರಿನಲ್ಲೂ ಇದ್ದಾರೆ. ಮಾಲೆ ತೆಗೆದ ಸಂಜೆಯೇ ಗೂಡಂಗಡಿಯ ಮುಂದೆ ನಿಂತವರೂ ಅದೇ ಊರಿನಲ್ಲಿದ್ದಾರೆ. ವ್ರತ ಸುಳ್ಳಲ್ಲ, 41 ದಿನ ಬಿಡಲು ಸಾಧ್ಯ ಎಂದು ಅದು ತೋರಿಸಿಕೊಟ್ಟಿತು. 42ನೆಯ ದಿನಕ್ಕೆ ಏನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ, ಅಷ್ಟೆ.

ವೈದ್ಯರು ಮೊದಲು ಹುಡುಕಿದ್ದು ಸುಲಭದ ದಾರಿ: ಒಂದು ಮದ್ದಿನ ಚಟಕ್ಕೆ ಇನ್ನೊಂದು ಮದ್ದು. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಕೊಕೇನನ್ನು ಹೊಗಳಿ ಬರೆದ. ಮಾರ್ಫಿನ್ ಚಟಕ್ಕೆ ಬಿದ್ದಿದ್ದ ಗೆಳೆಯ ಫ್ಲೈಶಲ್‌ಗೆ ಅದನ್ನೇ ಕೊಟ್ಟ. ಗೆಳೆಯನಿಗೆ ಒಂದರ ಬದಲು ಎರಡು ಚಟ ಅಂಟಿದವು. 1891ರಲ್ಲಿ ಆತ ತೀರಿಕೊಂಡ. ಸ್ವೀಡನ್ ದೇಶ ಇನ್ನೊಂದು ಬಗೆಯ ಪ್ರಯೋಗ ಮಾಡಿತು. 1965ರಿಂದ 1967ರವರೆಗೆ ಸ್ಟಾಕ್‌ಹೋಮ್‌ನ ಕೆಲವು ವೈದ್ಯರು ಚಟವಿದ್ದವರಿಗೆ ಅವರ ಉತ್ತೇಜಕವನ್ನೇ ಚೀಟಿಯ ಮೇಲೆ ಕೊಡತೊಡಗಿದರು. ಕಳ್ಳಸಂತೆಗೆ ಹೋಗದಿರಲಿ ಎಂಬುದು ಉದ್ದೇಶ. ಕೊಟ್ಟ ಮಾತ್ರೆಗಳೇ ಗೆಳೆಯರ ಕೈಗೆ ದಾಟಿ ಹೊಸಬರನ್ನು ಹುಟ್ಟಿಸಿದವು, ಸಾವೂ ಸಂಭವಿಸಿತು, ಪ್ರಯೋಗ ನಿಂತಿತು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಪಿ.ಎಚ್. ಕಾನೆಲ್ 1958ರಲ್ಲಿ ಪ್ರಕಟಿಸಿದ ಅಧ್ಯಯನ ಮತ್ತೊಂದು ಸತ್ಯವನ್ನು ಬಯಲಿಗಿಟ್ಟಿತ್ತು: ಆಂಫೆಟಮೈನ್ ಅತಿಯಾದರೆ ಯಾರೋ ಹಿಂಬಾಲಿಸುತ್ತಿದ್ದಾರೆ, ಗೋಡೆಯಾಚೆ ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ ಎಂಬ ಭ್ರಮೆ ಹಿಡಿಯುತ್ತದೆ, ನೋಡಿದವರಿಗೆ ಸ್ಕಿಜೋಫ್ರೇನಿಯಾ ಎನಿಸುತ್ತದೆ. ಮಾತ್ರೆ ನಿಂತರೆ ಬಹುತೇಕರಲ್ಲಿ ಆ ಭ್ರಮೆಯೂ ಇಳಿಯುತ್ತದೆ. ಹಳ್ಳಿಯಲ್ಲಿ ಇಂಥ ಹುಡುಗನನ್ನು ಕಂಡವರು ಗಾಳಿ ಸೋಕಿದೆ ಎಂದು ಮಂತ್ರವಾದಿಯ ಬಳಿ ಕರೆದೊಯ್ದರೆ ಆಶ್ಚರ್ಯವಿಲ್ಲ.

ಹೆಂಡದ ಚಟಕ್ಕೆ ಮದ್ದುಗಳಿವೆ, ಅಫೀಮಿನ ಬಗೆಯ ಚಟಕ್ಕೆ ಮೆಥಡೋನ್, ಬುಪ್ರೆನಾರ್ಫಿನ್ ಇವೆ. ಉತ್ತೇಜಕದ ಚಟಕ್ಕೆ ಅಷ್ಟೇ ನಂಬಿಕೆಯ ಮದ್ದು ಇಂದಿಗೂ ದೊರೆತಿಲ್ಲ. ಕಾರಣವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ನಮ್ಮ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ಹಸಿದಾಗ ಅನ್ನ, ಬೆಳೆ ಕೈಗೆ ಬಂದಾಗಿನ ಹಿಗ್ಗು, ಇಂಥ ಹೊತ್ತಿನಲ್ಲಿ ಅದು ತುಸು ಹೊರಬಿದ್ದು ‘ಇದು ಬೇಕಾದದ್ದು, ನೆನಪಿಟ್ಟುಕೋ’ ಎಂದು ಗುರುತು ಹಾಕುತ್ತದೆ. ಉತ್ತೇಜಕಗಳು ಆ ತೂಬನ್ನೇ ಕಿತ್ತುಬಿಡುತ್ತವೆ. ಕೆರೆಯ ನೀರು ಒಮ್ಮೆಗೇ ಹರಿದು ಹೋದ ಮೇಲೆ ಗದ್ದೆಗೆ ಬಿಡಲು ಉಳಿಯುವುದು ಕೆಸರು. ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ಆಗುವುದು ಅದೇ: ಹಗಲೂ ರಾತ್ರಿ ನಿದ್ದೆ, ಬಕಾಸುರನ ಹಸಿವು, ಯಾವುದರಲ್ಲೂ ರುಚಿಯಿಲ್ಲದ ಮನಸ್ಸು. ಹೆಂಡ ಬಿಟ್ಟವನಂತೆ ಕೈ ನಡುಗುವುದಿಲ್ಲ, ಫಿಟ್ಸ್ ಬರುವ ಭಯ ಅಷ್ಟಿಲ್ಲ. ಆದ್ದರಿಂದಲೇ ಮನೆಯವರು ‘ಮಲಗಿದ್ದಾನೆ, ಸರಿಹೋಗುತ್ತಾನೆ’ ಎಂದುಕೊಳ್ಳುತ್ತಾರೆ. ಅಪಾಯ ಇರುವುದು ಆ ಮಂಕಿನಲ್ಲಿ. ಬದುಕೇ ಬೇಡವೆಂಬ ಯೋಚನೆ ಬರುವುದು ಈ ದಿನಗಳಲ್ಲಿಯೇ. ಚಿಕಿತ್ಸೆಯ ಮೊದಲ ಹೆಜ್ಜೆ ಈ ಕುಸಿತವನ್ನು ಒಬ್ಬಂಟಿಯಾಗಿ ದಾಟಲು ಬಿಡದಿರುವುದು: ಹೃದಯ, ರಕ್ತದೊತ್ತಡ ನೋಡುವುದು, ಭ್ರಮೆ ಇದ್ದರೆ ಅದಕ್ಕೆ ಮದ್ದು ಕೊಡುವುದು, ಖಿನ್ನತೆ ಇದ್ದರೆ ಗುರುತಿಸುವುದು, ಊಟ ನಿದ್ದೆಗಳನ್ನು ಹದಕ್ಕೆ ತರುವುದು. ಗಮನ ಕೊರತೆಗೆಂದೇ ಮಾತ್ರೆ ಶುರುವಾಗಿದ್ದರೆ ಆ ಮೂಲ ತೊಂದರೆಗೆ ಅಟೊಮಾಕ್ಸೆಟಿನ್‌ನಂಥ ಉತ್ತೇಜಕವಲ್ಲದ ಔಷಧಗಳಿವೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಮುಂದಿನದು ತಿಂಗಳುಗಳ ಕೆಲಸ. ಅದರಲ್ಲಿ ಅತಿ ಹೆಚ್ಚು ಫಲ ಕೊಟ್ಟ ಪದ್ಧತಿ ಯಾವುದೆಂದರೆ ಓದುಗರು ನಂಬಲಿಕ್ಕಿಲ್ಲ: ಬಹುಮಾನ ಕೊಡುವುದು. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗಿನ್ಸ್ 1990ರ ದಶಕದ ಆರಂಭದಲ್ಲಿ ಕೊಕೇನ್ ಚಟವಿದ್ದವರ ಮೇಲೆ ಇದನ್ನು ಪರೀಕ್ಷಿಸಿದ. ವಾರಕ್ಕೆ ಮೂರು ಸಲ ಮೂತ್ರ ಪರೀಕ್ಷೆ. ಶುದ್ಧವಾಗಿದ್ದರೆ ಒಂದು ಚೀಟಿ. ಮೊದಲನೆಯದರ ಬೆಲೆ ಎರಡೂವರೆ ಡಾಲರ್, ಆಮೇಲಿನ ಪ್ರತಿಯೊಂದಕ್ಕೂ ಒಂದೂಕಾಲು ಡಾಲರ್ ಹೆಚ್ಚು. ಒಮ್ಮೆ ತಪ್ಪಿದರೆ ಏಣಿಯ ಬುಡದಿಂದ ಮತ್ತೆ ಹತ್ತಬೇಕು. ಕೈಗೆ ಕಾಸು ಕೊಡುವುದಿಲ್ಲ. ಮೀನು ಹಿಡಿಯುವ ಪರವಾನಗಿಯೋ ಆಟದ ಸಾಮಾನೋ, ಬದುಕಿಗೆ ಬೇರೆ ರುಚಿ ಹಚ್ಚುವಂಥದ್ದನ್ನು ಕೊಂಡುಕೊಡುತ್ತಾರೆ. 1994ರಲ್ಲಿ ಪ್ರಕಟವಾದ 40 ಮಂದಿಯ ಅಧ್ಯಯನದಲ್ಲಿ ಚೀಟಿ ಪಡೆದ ಗುಂಪಿನ ನೂರಕ್ಕೆ 75 ಜನ 24 ವಾರಗಳ ಚಿಕಿತ್ಸೆ ಪೂರೈಸಿದರು. ಚೀಟಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 40 ಮಾತ್ರ.

ಇದು ಲಂಚವಲ್ಲವೇ ಎಂದು ಅಲ್ಲಿಯೂ ಜನ ಕೇಳಿದರು. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಯೋಚಿಸಿದರೆ ಇದು ಕೊಳ್ಳೆಹೋದ ಡೋಪಮೈನ್‌ನ ಲೆಕ್ಕಕ್ಕೇ ಹೊಂದುವ ಉಪಾಯ. ವರ್ಷದ ನಂತರ ಸಿಗುವ ಆರೋಗ್ಯದ ಮಾತು ಆ ಮಂಕು ಮಿದುಳಿಗೆ ಕೇಳಿಸುವುದಿಲ್ಲ. ಈ ದಿನದ ಒಳ್ಳೆಯದಕ್ಕೆ ಈ ದಿನವೇ ಕೈಗೆ ಬರುವ ಸಣ್ಣ ಫಲ ಕೇಳಿಸುತ್ತದೆ. ನಮ್ಮ ಅಜ್ಜಿಯರು ಹರಕೆಯ ಮುಡಿಪಿಗೆ ದಿನವೂ ಒಂದು ಕಾಸು ಹಾಕಿ ಗಂಟು ದಪ್ಪವಾಗುವುದನ್ನು ನೋಡುತ್ತಿದ್ದರಲ್ಲ, ಆ ಜಾತಿಯದೇ ಇದು. ಆದರೂ ಖರ್ಚು, ಪರೀಕ್ಷೆಯ ಏರ್ಪಾಟು, ಎಲ್ಲಕ್ಕಿಂತ ಮಿಗಿಲಾಗಿ ‘ಚಟಗಾರನಿಗೆ ಉಡುಗೊರೆಯೇ?’ ಎಂಬ ತಿರಸ್ಕಾರ, ಇವುಗಳಿಂದಾಗಿ ಅದು ಹುಟ್ಟಿದ ದೇಶದಲ್ಲಿಯೇ ಎಲ್ಲ ಕಡೆ ಬಳಕೆಗೆ ಬಂದಿಲ್ಲ.

ಇದರ ಜೊತೆಗೆ ಮಾತಿನ ಚಿಕಿತ್ಸೆ. ಯಾವ ಹೊತ್ತು, ಯಾವ ಕೋಣೆ, ಯಾವ ಗೆಳೆಯ ಆಸೆಯನ್ನು ಎಬ್ಬಿಸುತ್ತಾನೆ ಎಂದು ಗುರುತಿಸಿ, ಆ ಕ್ಷಣ ದಾಟುವ ಉಪಾಯವನ್ನು ಮೊದಲೇ ಅಭ್ಯಾಸ ಮಾಡಿಸುವುದು. ಲಾಸ್ ಏಂಜಲೀಸ್‌ನಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಮ್ಯಾಟ್ರಿಕ್ಸ್’ ಪದ್ಧತಿ ಇದಕ್ಕೆ ಮನೆಯವರ ತಿಳಿವಳಿಕೆ, ಗುಂಪು ಸಭೆ, ಮೂತ್ರ ಪರೀಕ್ಷೆಗಳನ್ನು ಸೇರಿಸಿ 16 ವಾರಗಳ ಕಾರ್ಯಕ್ರಮ ಮಾಡಿತು. 978 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದೇನೆಂದರೆ, ಚಿಕಿತ್ಸೆ ನಡೆಯುವಷ್ಟು ಕಾಲ ಈ ಪದ್ಧತಿಯವರು ಮುಂದಿದ್ದರು. ಮುಗಿದ ಮೇಲೆ ಬೇರೆ ಚಿಕಿತ್ಸೆಯವರಿಗೂ ಇವರಿಗೂ ವ್ಯತ್ಯಾಸ ಉಳಿಯಲಿಲ್ಲ. ಮತ್ತೆ 42ನೆಯ ದಿನದ ಪ್ರಶ್ನೆ!

ಮದ್ದಿನ ಹುಡುಕಾಟವೂ ನಿಂತಿಲ್ಲ. 2021ರಲ್ಲಿ ಮಧುಕರ್ ತ್ರಿವೇದಿ ಮತ್ತು ಸಂಗಡಿಗರು ಮೆಥಾಂಫೆಟಮೈನ್ ಚಟವಿದ್ದ 403 ಮಂದಿಯ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ನಾಲ್‌ಟ್ರೆಕ್ಸೋನ್ ಚುಚ್ಚುಮದ್ದು, ಬುಪ್ರೊಪಿಯಾನ್ ಮಾತ್ರೆ ಎರಡನ್ನೂ ಕೂಡಿಸಿ ಕೊಟ್ಟಾಗ ನೂರಕ್ಕೆ 13.6 ಮಂದಿಯಲ್ಲಿ ಗುಣ ಕಂಡಿತು. ಬರಿಯ ತೋರಿಕೆಯ ಔಷಧ ಪಡೆದವರಲ್ಲಿ 2.5. ಸಣ್ಣ ಗೆಲುವು, ಆದರೂ ಗೆಲುವೇ. ಈ ಬುಪ್ರೊಪಿಯಾನ್ ಎಂಬುದು 1997ರಿಂದ ಅಮೆರಿಕದಲ್ಲಿ ಸಿಗರೇಟು ಬಿಡಿಸಲು ಕೊಡುತ್ತಿರುವ ಮಾತ್ರೆ ಎಂಬುದನ್ನು ಗಮನಿಸಬೇಕು. ಮಾತ್ರೆಯ ದಾರಿ ತಿರುಗಿ ನಮ್ಮ ಎಲೆಯ ಬಳಿಗೇ ಬಂತು.

ಏಕೆಂದರೆ ಉತ್ತೇಜಕಗಳ ಪೈಕಿ ‘ಮುಳ್ಳಿನಿಂದಲೇ ಮುಳ್ಳು ತೆಗೆಯುವ’ ಉಪಾಯ ಫಲಿಸಿದ್ದು ಹೊಗೆಸೊಪ್ಪಿನಲ್ಲಿ. ಸ್ವೀಡನ್ನಿನ ಜಲಾಂತರ್ಗಾಮಿ ನಾವಿಕರು ನೀರಿನಡಿಯಲ್ಲಿ ಸೇದಲಾರದೆ ಹೊಗೆಸೊಪ್ಪು ಜಗಿದು ದಿನ ದೂಡುತ್ತಿದ್ದುದನ್ನು ಲುಂಡ್ ನಗರದ ಸಂಶೋಧಕರು 1967ರಲ್ಲಿ ಔಷಧ ಕಂಪನಿಯೊಂದರ ಓವೆ ಫೆರ್ನೋಗೆ ತಿಳಿಸಿದರು. ಹತ್ತು ವರ್ಷಗಳ ದುಡಿಮೆಯಿಂದ ನಿಕೋಟಿನ್ ಬೆರೆಸಿದ ಚೂಯಿಂಗ್ ಗಮ್ ತಯಾರಾಗಿ 1978ರಲ್ಲಿ ಮಾರುಕಟ್ಟೆಗೆ ಬಂತು. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೆ ಮುಟ್ಟಿದರೆ ಗಮ್ಮಿನದು ನಿಧಾನವಾಗಿ ಜಿನುಗುತ್ತದೆ. ಆಸೆ ತಣಿಯುತ್ತದೆ, ಅಮಲು ಏರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2009ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಾವಿಕರಂತೆ ಹೊಗೆಸೊಪ್ಪು ಸುಣ್ಣ ತಿಕ್ಕಿ ದವಡೆಗೆ ಇಡುವುದು ನಮ್ಮಲ್ಲಿ ತಲೆಮಾರುಗಳಿಂದ ಇದೆ. ಆದರೆ ಅದರಿಂದ ಬಂದದ್ದು ಬಾಯಿಯ ಕ್ಯಾನ್ಸರ್. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪು ಬಳಸುತ್ತಿದ್ದರು. ಬಳಸದಿದ್ದರೂ ಬಿಡದ ಎಲೆ ಇದು. ಮಳೆಯಲ್ಲಿ ನೆನೆದ ಸೊಪ್ಪು ಮುರಿಯುವ ಹೆಂಗಸರಿಗೆ ಚರ್ಮದ ಮೂಲಕವೇ ನಿಕೋಟಿನ್ ಒಳಗಿಳಿದು ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಒಂದು ದಮ್ಮನ್ನೂ ಎಳೆಯದವರಿಗೆ ಸಿಗುವ ಪಾಲು ಅದು.

ಈಗ ನಮ್ಮ ಕಾನೂನು, ನಮ್ಮ ಆಸ್ಪತ್ರೆಗಳ ಮಾತು. ಮೀಥೈಲ್‌ಫೆನಿಡೇಟ್, ಆಂಫೆಟಮೈನ್‌ಗಳು ನಮ್ಮ ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಯಲ್ಲಿವೆ. ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. 1985ರ ಮಾದಕವಸ್ತು ಕಾಯಿದೆಯೂ ಇವನ್ನು ಹಿಡಿದಿಟ್ಟಿದೆ. ಚೀಟಿಯಿಲ್ಲದೆ ಗೆಳೆಯನಿಗೆ ದಾಟಿಸಿದ ಒಂದು ಮಾತ್ರೆಯೂ ಅಪರಾಧವೇ. ಆದರೆ ಅದೇ ಕಾಯಿದೆಯ 64ಎ ವಿಧಿಯನ್ನು ಬಲ್ಲವರು ಕಡಿಮೆ: ಚಟಕ್ಕೆ ಬಿದ್ದವನು ಸೇವನೆಗೋ ಅಲ್ಪ ಪ್ರಮಾಣಕ್ಕೋ ಸಂಬಂಧಿಸಿದ ಆರೋಪ ಎದುರಿಸುತ್ತಿದ್ದು, ತಾನಾಗಿ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ, ಮೊಕದ್ದಮೆಯಿಂದ ರಕ್ಷಣೆ ಪಡೆಯಬಹುದು. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕೆಂಬುದೇ ಷರತ್ತು. ಪೊಲೀಸರ ಭಯದಿಂದ ಆಸ್ಪತ್ರೆಗೇ ಹೋಗದವರಿಗೆ ಇದು ತಿಳಿದಿರಬೇಕು.

ಚಟವನ್ನು ಕಾಯಿಲೆಯೆಂದು ಎಣಿಸಿ ಚಿಕಿತ್ಸೆ ಕೊಡುವುದರಲ್ಲಿ ಕರ್ನಾಟಕಕ್ಕೆ ಒಳ್ಳೆಯ ಹೆಸರಿದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ 1990ರ ದಶಕದ ಆರಂಭದಲ್ಲಿ ಶುರುವಾದ ವ್ಯಸನಮುಕ್ತಿ ಕೇಂದ್ರವೇ ಇಂದಿನ ವ್ಯಸನ ಚಿಕಿತ್ಸಾ ವಿಭಾಗ. ಅದಕ್ಕೂ ಮೊದಲು, 1980ರ ದಶಕದಲ್ಲಿ, ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟರು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಹೆಂಡದ ವಿಷಯದಲ್ಲಿ ಧರ್ಮಸ್ಥಳದವರು ನಡೆಸುವ ಮದ್ಯವರ್ಜನ ಶಿಬಿರಗಳನ್ನು ಬಹುಪಾಲು ತಾಲೂಕುಗಳ ಜನ ಬಲ್ಲರು. ಊರಿನವರ ಮುಂದೆ, ಮನೆಯವರ ಜೊತೆಯಲ್ಲಿ ಬಿಡುವುದರ ಬಲ ಅಲ್ಲಿದೆ. ಉತ್ತೇಜಕ ಮಾತ್ರೆಯ ಹುಡುಗನಿಗೆ ಆ ಬಲದ ಜೊತೆ ಮನೋವೈದ್ಯರ ಕಣ್ಣೂ ಬೇಕಾಗುತ್ತದೆ. ರಾವಂದೂರಿನವರಿಗೆ ಅದು ಮೈಸೂರಿಗೆ ಬಸ್ಸು ಹತ್ತಿದರೆ ಕೆ.ಆರ್. ಆಸ್ಪತ್ರೆಯಲ್ಲಿಯೇ ಸಿಗುತ್ತದೆ.

ಬಸ್ಸು ಹತ್ತುವ ಮೊದಲು ನಮ್ಮಲ್ಲಿ ನಡೆಯುವುದು ಬೇರೆಯೇ. ಮೊದಲು ಹೊಡೆತ, ಆಮೇಲೆ ಆಣೆ ಪ್ರಮಾಣ, ಆಮೇಲೆ ‘ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಹಿರಿಯರ ಸಲಹೆ. ಗಂಡಿನ ಕುಸಿತವನ್ನು ಕಾಯುವ ಕೆಲಸ ಹೀಗೆ ಏನೂ ಅರಿಯದ ಒಬ್ಬ ಹೆಣ್ಣಿನ ಪಾಲಿಗೆ ಬೀಳುತ್ತದೆ. ಕೊನೆಗೆ, ರಾತ್ರೋರಾತ್ರಿ ಜೀಪಿನಲ್ಲಿ ಎತ್ತಿಹಾಕಿಕೊಂಡು ಹೋಗಿ ತಿಂಗಳುಗಟ್ಟಲೆ ಕೂಡಿಹಾಕುವ ಖಾಸಗಿ ‘ಕೇಂದ್ರ’ಗಳು. ನನ್ನ ಪರಿಚಯದ ಕುಟುಂಬವೊಂದು ಇಂಥ ಕಡೆ ಮಗನನ್ನು ಬಿಟ್ಟು ಬಂದಿತ್ತು. ಮೂರು ತಿಂಗಳ ನಂತರ ಮರಳಿದ ಹುಡುಗ ಚಟ ಬಿಟ್ಟಿದ್ದನೋ ಇಲ್ಲವೋ, ಅಪ್ಪನ ಜೊತೆ ಮಾತು ಬಿಟ್ಟಿದ್ದ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಮದ್ಯ ಮತ್ತು ಮಾದಕಗಳಿಂದಾಗುವ ಮನಸ್ಸಿನ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರಂತೆ ನೋಂದಣಿಯಿಲ್ಲದ ಕೇಂದ್ರ ನಡೆಸುವಂತಿಲ್ಲ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ, ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ಮನೆಯವರ ಹಕ್ಕು.

ಹೊಲಕ್ಕೂ ಒಂದು ಚಟವಿದೆ ಎಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ಪಿರಿಯಾಪಟ್ಟಣ, ಹುಣಸೂರಿನ ರೈತರು ಒಪ್ಪಲಾರರು. ತಂಬಾಕು ಮಂಡಳಿ 1976ರಲ್ಲಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಶುರುವಾಯಿತು. ತೂಕವಾಗಿ, ದರ್ಜೆಯಾಗಿ, ಬ್ಯಾಂಕಿಗೇ ಹಣ ಬರುವ ಬೆಳೆ ಈ ಮಳೆಯಾಶ್ರಿತ ಕೆಂಪು ನೆಲದಲ್ಲಿ ಬೇರೆ ಯಾವುದಿತ್ತು? ಬಿಡಿ ಎಂದು ಹೇಳುವುದು ಸುಲಭ. ಭಾರತ 2004ರಲ್ಲಿ ಒಪ್ಪಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಡಂಬಡಿಕೆಯ 17ನೆಯ ವಿಧಿ ಬೆಳೆಗಾರರಿಗೆ ಬದಲಿ ಜೀವನೋಪಾಯಕ್ಕೆ ಬೆಂಬಲ ಕೊಡಬೇಕೆನ್ನುತ್ತದೆ. ಶುಂಠಿ, ಜೋಳ ಎಂದು ಪ್ರಯತ್ನಿಸಿ, ಬೆಲೆ ಕುಸಿದಾಗ ಮತ್ತೆ ಸಸಿಮಡಿಗೆ ಮರಳಿದವರು ಎಷ್ಟೋ ಮಂದಿ. ಎರ್ಡಿಶ್‌ನ ಖಾಲಿ ಹಾಳೆಯೇ ಇಲ್ಲಿ ಖಾಲಿ ಹೊಲವಾಗಿದೆ.

2018ರ ಸೆಪ್ಟೆಂಬರ್‌ನಿಂದ ದೇಶದಲ್ಲಿ ಮಾರುವ ಸಿಗರೇಟು, ಬೀಡಿ, ಜಗಿಯುವ ಹೊಗೆಸೊಪ್ಪಿನ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರದ ಜೊತೆಗೆ ಬಿಡಲು ನೆರವಾಗುವ ಸಂಖ್ಯೆಯನ್ನೂ ಮುದ್ರಿಸುತ್ತಿದ್ದಾರೆ: 1800-11-2356. ಕರೆಗೆ ಕಾಸಿಲ್ಲ. ದೆಹಲಿಯಲ್ಲಿ 2016ರಲ್ಲಿ ಶುರುವಾದ ಈ ಸೇವೆಯ ಒಂದು ಕೇಂದ್ರ 2018ರಿಂದ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲಿ ಮಾತನಾಡಬಹುದು. ಮಾತ್ರೆಯ ತೊಂದರೆ, ಮನಸ್ಸಿನ ಕುಸಿತಗಳಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416. ಅದು ರಾತ್ರಿಯೂ ತೆರೆದಿರುತ್ತದೆ, ಬ್ಯಾರನ್‌ನಂತೆಯೇ.